ಅನ್ಯರ ಕೈಯಿಂದಾದ ಹಿಂಸೆ

ಜಪಮಾಲೆಯ ನೂರೆಂಟು ಮಣಿಗಳಿಗೆ ಹಿರಿಯರು ಹಲವು ಅರ್ಥಗಳನ್ನು ಹೇಳುತ್ತಾರೆ. ಪಂಚಪರಮೇಷ್ಠಿಗಳ ಗುಣಗಳ ಸಂಖ್ಯೆ ಎಂಬುದು ಒಂದು. ಪಾಪಾಸ್ರವದ ನೂರೆಂಟು ದ್ವಾರಗಳು ಎಂಬುದು ಇನ್ನೊಂದು. ಈ ಎರಡನೆಯ ಲೆಕ್ಕ ತತ್ತ್ವಾರ್ಥಸೂತ್ರದ ಆರನೆಯ ಅಧ್ಯಾಯದಲ್ಲಿದೆ. ಕಾರ್ಯವನ್ನು ಸಂಕಲ್ಪಿಸುವುದು, ಅದಕ್ಕೆ ಸಾಧನಗಳನ್ನು ಕೂಡಿಸುವುದು, ಅದನ್ನು ಆರಂಭಿಸುವುದು ಎಂದು ಮೂರು. ಮನಸ್ಸು, ವಚನ, ಕಾಯ ಎಂದು ಮೂರು. ತಾನೇ ಮಾಡುವುದು, ಅನ್ಯರಿಂದ ಮಾಡಿಸುವುದು, ಅನ್ಯರು ಮಾಡಿದ್ದನ್ನು ಅನುಮೋದಿಸುವುದು ಎಂದು ಮೂರು. ಕ್ರೋಧ, ಮಾನ, ಮಾಯೆ, ಲೋಭ ಎಂಬ ಕಷಾಯಗಳು ನಾಲ್ಕು. ಇವೆಲ್ಲವನ್ನೂ ಗುಣಿಸಿದರೆ ನೂರೆಂಟಾಗುತ್ತದೆ. ಈ ಲೆಕ್ಕದಲ್ಲಿ ಗಮನಿಸಬೇಕಾದದ್ದೊಂದಿದೆ. ಸ್ವಹಸ್ತದಿಂದ ಮಾಡಿದ ಪಾಪಕ್ಕೆ ಮೂವತ್ತಾರು ಮಣಿಗಳು ಮಾತ್ರ ಸಲ್ಲುತ್ತವೆ. ಉಳಿದ ಎಪ್ಪತ್ತೆರಡು ಅನ್ಯರ ಕೈಯಿಂದಾದ ಪಾಪದವು.

ವ್ಯಕ್ತಿಯ ಜೀವನದಲ್ಲಿ ಈ ವಿಚಾರವನ್ನು ಶ್ರಾವಕರು ಸುಲಭವಾಗಿ ಒಪ್ಪುತ್ತಾರೆ. ತಾನು ಕೊಲ್ಲದಿದ್ದರೂ ಕೊಲ್ಲುವವನಿಗೆ ಕತ್ತಿ ಕೊಟ್ಟವನು, ತಾನು ಕದಿಯದಿದ್ದರೂ ಕದ್ದ ಒಡವೆಯನ್ನು ಅಗ್ಗಕ್ಕೆ ಕೊಂಡವನು ನಿರ್ದೋಷಿಯೆಂದು ಯಾರೂ ಹೇಳಲಾರರು. ಆದರೆ ರಾಜ್ಯಗಳ ವಿಷಯ ಬಂದಾಗ ಇದೇ ವಿವೇಕ ಮಂಕಾಗುತ್ತದೆ. ತನ್ನ ನಾಡಿನಲ್ಲಿ ಚುನಾವಣೆ, ನ್ಯಾಯಾಲಯ, ಪತ್ರಿಕಾಸ್ವಾತಂತ್ರ್ಯಗಳನ್ನು ಕಾಪಾಡಿಕೊಂಡು ಬಂದ ರಾಷ್ಟ್ರವೊಂದು ಪರದೇಶದ ಸರ್ವಾಧಿಕಾರಿಗೆ ಹಣ, ಶಸ್ತ್ರ, ರಾಜಮರ್ಯಾದೆಗಳನ್ನು ಕೊಟ್ಟು ನಿಲ್ಲಿಸಿದರೆ, ಆ ಸರ್ವಾಧಿಕಾರಿಯ ಸೆರೆಮನೆಗಳಲ್ಲಿ ನಡೆಯುವುದಕ್ಕೆ ಆ ರಾಷ್ಟ್ರ ಹೊಣೆಯೇ? ರಾಜತಂತ್ರಜ್ಞರ ಉತ್ತರ ಸಿದ್ಧವಾಗಿದೆ: ಅದು ಆ ದೇಶದ ಆಂತರಿಕ ವಿಷಯ, ಹೊರಗಿನವರಿಗೆ ಸಂಬಂಧಪಟ್ಟುದಲ್ಲ. ಈ ಉತ್ತರ ಎಷ್ಟು ನಿಲ್ಲುತ್ತದೆಂಬುದನ್ನು ಪರೀಕ್ಷಿಸಲು ಟೆಹರಾನಿಗೋ ಸಾಂಟಿಯಾಗೋವಿಗೋ ಹೋಗಬೇಕಾಗಿಲ್ಲ. ವಿಜಯನಗರದ ಬದಿಯ ಮೈಸೂರು ರಸ್ತೆಯ ಸ್ಯಾಟಲೈಟ್ ಬಸ್ ನಿಲ್ದಾಣದಲ್ಲಿ ಮಡಿಕೇರಿಯ ಬಸ್ಸು ಹತ್ತಿದರೆ ಸಾಕು. ಕೆಂಗೇರಿ ದಾಟಿ ಆ ರಸ್ತೆ ಮುಟ್ಟುವ ನಾಡಿನಲ್ಲಿ ಈ ಪ್ರಶ್ನೆಯ ಹಳೆಯ ಉದಾಹರಣೆಯೊಂದಿದೆ.

ಕೊಡಗಿನ ಕೊನೆಯ ಅರಸ ಚಿಕ್ಕವೀರರಾಜೇಂದ್ರನನ್ನು ಕನ್ನಡಿಗರು ಬಹುಮಟ್ಟಿಗೆ ಮಾಸ್ತಿಯವರ ಕಾದಂಬರಿಯ ಮೂಲಕ ಬಲ್ಲರು. ಆ ಕಥೆ ಅವನ ಪತನದ ಕಥೆ. ಆದರೆ ನೀತಿಯ ದೃಷ್ಟಿಯಿಂದ ಹೆಚ್ಚು ವಿಚಾರಾರ್ಹವಾದದ್ದು ಅದಕ್ಕೆ ಹಿಂದಿನ ನಲವತ್ತು ವರ್ಷಗಳು. ಅವನ ದೊಡ್ಡಪ್ಪ ದೊಡ್ಡವೀರರಾಜೇಂದ್ರ ಪಿರಿಯಾಪಟ್ಟಣದ ಸೆರೆಯಿಂದ 1788ರಲ್ಲಿ ತಪ್ಪಿಸಿಕೊಂಡು ಬಂದು, ಟಿಪ್ಪುವಿನ ಸೈನ್ಯವನ್ನು ತನ್ನ ನಾಡಿನಿಂದ ಹೊರದೂಡಿದವನು. 1790ರಲ್ಲಿ ಅವನು ಈಸ್ಟ್ ಇಂಡಿಯಾ ಕಂಪನಿಯೊಡನೆ ಮೈತ್ರಿ ಮಾಡಿಕೊಂಡ. ಜನರಲ್ ಅಬರ್‌ಕ್ರಾಂಬಿಯ ಬೊಂಬಾಯಿ ಸೈನ್ಯ ಮಲಬಾರಿನಿಂದ ಘಟ್ಟ ಹತ್ತಿ ಶ್ರೀರಂಗಪಟ್ಟಣಕ್ಕೆ ಹೋದದ್ದು ಕೊಡಗಿನ ಕಾಡುಹಾದಿಯಲ್ಲಿ. ದವಸ, ಎತ್ತು, ಆಳುಗಳನ್ನು ಒದಗಿಸಿದವನು ಈ ಅರಸ. ಆ ಭೇಟಿಯ ನೆನಪಿಗೆ ಕಟ್ಟಿಸಿದ ಪೇಟೆಯೇ ಇಂದಿನ ವಿರಾಜಪೇಟೆ. ಕಂಪನಿಗೆ ಸಲ್ಲಬೇಕಾಗಿದ್ದ ವರ್ಷಕ್ಕೆ 24,000 ರೂಪಾಯಿಗಳ ಪೊಗದಿಯನ್ನು 1799ರ ನಂತರ ಬಿಟ್ಟುಕೊಟ್ಟು, ಅದರ ಬದಲಿಗೆ ವರ್ಷಕ್ಕೊಂದು ಆನೆ ಕಳುಹಿಸಿದರೆ ಸಾಕೆಂದು ಕಂಪನಿ ಹೇಳಿತು. ಸ್ನೇಹ ಅಷ್ಟು ಗಾಢವಾಗಿತ್ತು.

ಈ ಮೈತ್ರಿಯ ಆರಂಭವನ್ನು ತೆಗಳಬೇಕಾದ ಕಾರಣವಿಲ್ಲ. ಸೆರೆಯಿಂದ ಬಂದವನು ತನ್ನ ಜನರ ಬಿಡುಗಡೆಗಾಗಿ ಬಲಿಷ್ಠನೊಬ್ಬನ ನೆರವು ಬೇಡಿದ. ಗೃಹಸ್ಥನಿಗೆ ವಿರೋಧಿಹಿಂಸೆಯನ್ನು ಆಚಾರ್ಯರು ಸಂಪೂರ್ಣವಾಗಿ ನಿಷೇಧಿಸಿಲ್ಲ. ಮೇಲೆ ಬಿದ್ದವನನ್ನು ತಡೆಯುವುದು ಅವನಿಗೆ ಅನಿವಾರ್ಯವಾಗಬಹುದು. ಆದರೆ ಟಿಪ್ಪು 1799ರ ಮೇ 4ರಂದು ಮಡಿದ. ಯಾವ ವಿರೋಧಿಯ ಭಯದಿಂದ ಆ ಸ್ನೇಹ ಹುಟ್ಟಿತ್ತೋ ಆ ವಿರೋಧಿ ಅಂದಿಗೆ ಇಲ್ಲವಾದ. ಸ್ನೇಹ ಮಾತ್ರ ಇನ್ನೂ ಮೂರು ದಶಕ ಮುಂದುವರಿಯಿತು. ಈ ಪ್ರಕರಣದ ನೈತಿಕ ಗಂಟು ಇರುವುದು ಇಲ್ಲಿಯೇ.

ರಾಣಿ ಮಹದೇವಮ್ಮಾಜಿಯ ಮರಣದ ನಂತರ ದೊಡ್ಡವೀರರಾಜೇಂದ್ರನ ಚಿತ್ತ ಕದಡಿತು. ಅರಮನೆಯಲ್ಲಿ ಕೊಲೆಗಳು ನಡೆದವು. 1809ರಲ್ಲಿ ಅವನು ತೀರಿಕೊಂಡ. ತನ್ನ ಮಗಳು ದೇವಮ್ಮಾಜಿಗೆ ಪಟ್ಟವಾಗಬೇಕೆಂಬುದು ಅವನ ಇಚ್ಛೆಯಾಗಿತ್ತು. ಕಂಪನಿ ಅದಕ್ಕೆ ಸಮ್ಮತಿಸಿಯೂ ಇತ್ತು. ಆದರೆ ಎರಡು ವರ್ಷ ಕಳೆಯುವಷ್ಟರಲ್ಲಿ ಅರಸನ ತಮ್ಮ ಲಿಂಗರಾಜೇಂದ್ರ ಆ ಹುಡುಗಿಯನ್ನು ಬದಿಗೊತ್ತಿ ತಾನೇ ಅರಸನಾದ. ಕಂಪನಿ ಅದನ್ನೂ ಒಪ್ಪಿಕೊಂಡಿತು. 1820ರಲ್ಲಿ ಅವನ ಮಗ ಚಿಕ್ಕವೀರರಾಜೇಂದ್ರ ಪಟ್ಟಕ್ಕೆ ಬಂದ. ಬಂಧುಗಳ ಕೊಲೆ ಮತ್ತೆ ನಡೆಯಿತು. ಸುದ್ದಿ ಮೈಸೂರಿನ ರೆಸಿಡೆಂಟರ ಕಿವಿಗೂ ಬಿದ್ದಿತ್ತು. ಈ ಅರಸರ ಕ್ರೌರ್ಯವನ್ನು ವರ್ಣಿಸಿದವರು ಹೆಚ್ಚಾಗಿ ಆಮೇಲೆ ಅವರ ನಾಡನ್ನು ಕಸಿದುಕೊಂಡವರ ಕಡೆಯವರು ಎಂಬುದನ್ನು ಮರೆಯಬಾರದು. ಅವರ ಮಾತಿನಲ್ಲಿ ಒಂದು ಪಾಲನ್ನು ಕಳೆಯಬೇಕಾದೀತು. ಕಳೆದ ಮೇಲೂ ಉಳಿಯುವುದು ಕಡಮೆಯಲ್ಲ.

ಕೊಡಗಿನಲ್ಲಿ ಕಂಪನಿಯ ಸೈನ್ಯ ಠಾಣೆ ಹೂಡಿರಲಿಲ್ಲ. ಹಾಗಾದರೆ ಅದು ಕೊಟ್ಟ ಬೆಂಬಲವೆಂತಹುದು? ಪಶ್ಚಿಮದ ಮಲಬಾರು, ಕನ್ನಡ ಜಿಲ್ಲೆಗಳು ಕಂಪನಿಯವು. ಪೂರ್ವದ ಮೈಸೂರು ಕಂಪನಿಯ ಆಶ್ರಿತ ರಾಜ್ಯ. ಅರಸನ ಕೋಪಕ್ಕೆ ಸಿಕ್ಕಿದ ಕೊಡವನಿಗಾಗಲಿ ಗೌಡನಿಗಾಗಲಿ ಗಡಿಯಾಚೆ ಮೊರೆಯಿಡಲು ಬೇರೆ ದೊರೆಯಿರಲಿಲ್ಲ. ಹಿಂದಿನ ಕಾಲದಲ್ಲಿ ಕ್ರೂರ ಪಾಳೆಯಗಾರನ ಪ್ರಜೆಗಳು ನೆರೆಯ ಸೀಮೆಗೆ ವಲಸೆ ಹೋಗುತ್ತಿದ್ದರು. ನೆರೆಯ ಅರಸನ ನೆರವಿನಿಂದ ದಂಗೆಯೇಳುತ್ತಿದ್ದರು. ಆ ಭಯ ಅರಸನ ಕೈಯನ್ನು ಸ್ವಲ್ಪ ತಡೆಯುತ್ತಿತ್ತು. ಸುತ್ತಲೂ ಒಬ್ಬನೇ ಒಡೆಯ, ಅವನೂ ಅರಸನ ಸ್ನೇಹಿತ ಎಂದಾದ ಮೇಲೆ ಆ ತಡೆ ಇಲ್ಲವಾಯಿತು. ಏನೂ ಮಾಡದೆ ಸುಮ್ಮನಿರುವುದೂ ಅಂತಹ ಸ್ಥಿತಿಯಲ್ಲಿ ಒಂದು ಕೃತ್ಯವೇ ಆಗುತ್ತದೆ.

ಇದನ್ನು ಕಂಡುಕೊಂಡವರು ಕಂಪನಿಯಲ್ಲಿಯೇ ಇದ್ದರು ಎಂಬುದು ಆಶ್ಚರ್ಯದ ಸಂಗತಿ. ಕನ್ನಡ ಜಿಲ್ಲೆಯಲ್ಲಿ ಕಲೆಕ್ಟರನಾಗಿ, ಮುಂದೆ ಧಾರವಾಡದ ಸೀಮೆಯಲ್ಲಿ ಕಮಿಷನರನಾಗಿ ಕೆಲಸ ಮಾಡಿದ ಥಾಮಸ್ ಮನ್ರೋ 1817ರ ಆಗಸ್ಟಿನಲ್ಲಿ ಗವರ್ನರ್ ಜನರಲ್ ಹೇಸ್ಟಿಂಗ್ಸನಿಗೆ ಬರೆದ ಪತ್ರ ಇತಿಹಾಸದಲ್ಲಿ ಪ್ರಸಿದ್ಧವಾಗಿದೆ. ದೇಶೀಯ ಅರಸನಿಗೆ ಕಂಪನಿಯ ಸೈನ್ಯದ ರಕ್ಷಣೆ ಕೊಡುವ ಪದ್ಧತಿ ಎಲ್ಲಿ ಕಾಲಿಟ್ಟರೂ ಆ ನಾಡು ಹಾಳಾಗುತ್ತದೆ ಎಂಬುದು ಅವನ ವಾದದ ತಾತ್ಪರ್ಯ. ಕೆಟ್ಟ ಆಳ್ವಿಕೆಗೆ ಈ ದೇಶದಲ್ಲಿ ಸಾಮಾನ್ಯವಾಗಿ ಇದ್ದ ಮದ್ದು ಎರಡೇ: ಅರಮನೆಯೊಳಗಿನ ಸದ್ದಿಲ್ಲದ ಕ್ರಾಂತಿ, ಇಲ್ಲವೆ ಪ್ರಜೆಗಳ ದಂಗೆ. ಪರಕೀಯ ಸೈನ್ಯ ಬೆನ್ನಿಗಿದ್ದರೆ ಎರಡೂ ಅಸಾಧ್ಯ. ಹೊರಶತ್ರುವಿನ ಭಯವಿಲ್ಲವಾದ್ದರಿಂದ ಅರಸ ಸೋಮಾರಿಯಾಗುತ್ತಾನೆ. ಪ್ರಜೆಗಳ ದ್ವೇಷಕ್ಕೆ ಅಂಜಬೇಕಾಗಿಲ್ಲವಾದ್ದರಿಂದ ಕ್ರೂರಿಯೂ ಲೋಭಿಯೂ ಆಗುತ್ತಾನೆ. ಸಾಮ್ರಾಜ್ಯದ ಸೇವಕನೊಬ್ಬ ತನ್ನ ಸಾಮ್ರಾಜ್ಯದ ನೀತಿಯ ಬಗ್ಗೆ ಇಷ್ಟು ಸ್ಪಷ್ಟವಾಗಿ ಬರೆದದ್ದು ವಿರಳ. ಆ ಸೇವೆಯನ್ನು ಅವನು ಬಿಡಲಿಲ್ಲವೆಂಬುದೂ ಅಷ್ಟೇ ಸತ್ಯ. ಮುಂದೆ ಮದರಾಸಿನ ಗವರ್ನರನಾದ.

ಮೈಸೂರಿನಲ್ಲಿ ಅವನ ಮಾತು ಹದಿನಾಲ್ಕು ವರ್ಷಗಳಲ್ಲಿ ಸ್ಥಿರಪಟ್ಟಿತು. 1799ರ ಒಪ್ಪಂದದಂತೆ ಮೈಸೂರು ವರ್ಷಕ್ಕೆ ಏಳು ಲಕ್ಷ ವರಹ ಕೊಟ್ಟು ಕಂಪನಿಯ ಸೈನ್ಯದ ರಕ್ಷಣೆ ಪಡೆಯುತ್ತಿತ್ತು. ಆ ಹೊರೆಯೂ, ಕಂದಾಯ ವಸೂಲಿಯ ಶರತ್ತು ಪದ್ಧತಿಯೂ ರೈತರ ಮೇಲೆ ಬಿದ್ದವು. 1830-31ರಲ್ಲಿ ನಗರ ಸೀಮೆಯ ರೈತರು ಕೂಟ ಸೇರಿ ಎದ್ದಾಗ, ಅವರನ್ನು ಅಡಗಿಸಲು ಅರಸನ ಸೈನ್ಯದೊಡನೆ ಕಂಪನಿಯ ಸೈನ್ಯವೂ ಹೋಯಿತು. ದಂಗೆಯನ್ನು ಅಡಗಿಸಿದ ಅದೇ ಕಂಪನಿ, ದಂಗೆಗೆ ಅರಸನ ದುರಾಡಳಿತವೇ ಕಾರಣವೆಂದು ಹೇಳಿ 1831ರಲ್ಲಿ ರಾಜ್ಯಭಾರವನ್ನು ತಾನು ವಹಿಸಿಕೊಂಡಿತು. ಅರಸು ಮನೆತನಕ್ಕೆ ಅದು ಮರಳಿದ್ದು 1881ರಲ್ಲಿ, ಐವತ್ತು ವರ್ಷಗಳ ಮೇಲೆ.

ಕೊಡಗಿನ ಅಂತ್ಯವೂ ಇದೇ ಬಗೆಯದು. 1832ರಲ್ಲಿ ಚಿಕ್ಕವೀರರಾಜೇಂದ್ರನ ತಂಗಿ ದೇವಮ್ಮಾಜಿ, ಅವಳ ಗಂಡ ಚನ್ನಬಸವ ಪ್ರಾಣಭಯದಿಂದ ಓಡಿಬಂದು ಮೈಸೂರಿನ ರೆಸಿಡೆಂಟರ ಆಶ್ರಯ ಪಡೆದರು. ಅವರನ್ನು ಒಪ್ಪಿಸಬೇಕೆಂದು ಅರಸ ಹಟ ಹಿಡಿದ. ಕಂಪನಿ ಕಳುಹಿಸಿದ ಕರುಣಾಕರ ಮೆನನ್‌ನನ್ನು ಸೆರೆಯಲ್ಲಿಟ್ಟ. ಪ್ರಜೆಗಳ ಪ್ರಾಣ ಹೋಗುತ್ತಿದ್ದಾಗ ಆಂತರಿಕ ವಿಷಯವಾಗಿದ್ದುದು ಕಂಪನಿಯ ಮರ್ಯಾದೆಗೆ ಕುಂದು ಬಂದಾಗ ಸಹಿಸಲಾಗದ ಅನ್ಯಾಯವಾಯಿತು. 1834ರ ಏಪ್ರಿಲಿನಲ್ಲಿ ಹಲವು ದಿಕ್ಕುಗಳಿಂದ ಸೈನ್ಯ ನುಗ್ಗಿತು. ಕೆಲವೇ ದಿನಗಳಲ್ಲಿ ಅರಸ ಶರಣಾದ. ಮೇ 7ರಂದು ಕೊಡಗು ಕಂಪನಿಯ ಆಳ್ವಿಕೆಗೆ ಸೇರಿತೆಂದು ಕರ್ನಲ್ ಫ್ರೇಸರ್ ಘೋಷಿಸಿದ; ಅದು ಪ್ರಜೆಗಳೇ ಬಯಸಿದ್ದು ಎಂದೂ ಹೇಳಲಾಯಿತು. ಇಪ್ಪತ್ತು ವರ್ಷಗಳ ನಂತರ, 1854ರಲ್ಲಿ, ಮಡಿಕೇರಿಯ ಬಳಿ ಮೊದಲ ಯೂರೋಪಿಯನ್ ಕಾಫಿ ತೋಟ ಎದ್ದಿತು. ಅರಸ ಕಾಶಿಯಲ್ಲಿ ಸೆರೆಯಂತಿದ್ದು, 1852ರಲ್ಲಿ ಲಂಡನ್ನಿಗೆ ಹೋಗಿ, ಕಂಪನಿಯಲ್ಲಿ ತನ್ನ ಮನೆತನ ಇಟ್ಟಿದ್ದ ಹಣಕ್ಕಾಗಿ ನ್ಯಾಯಾಲಯದ ಬಾಗಿಲು ತಟ್ಟಿ, 1859ರಲ್ಲಿ ಅಲ್ಲಿಯೇ ತೀರಿಕೊಂಡ.

ಇಲ್ಲಿ ಒಂದು ಆಕ್ಷೇಪ ಬರಬಹುದು. ಕ್ರೂರಿಯನ್ನು ಬೆಂಬಲಿಸಿದ್ದು ತಪ್ಪಾದರೆ, ಅವನನ್ನು ಕಿತ್ತೊಗೆದದ್ದು ಆ ತಪ್ಪಿನ ಪ್ರಾಯಶ್ಚಿತ್ತವಲ್ಲವೇ? ನೂರೆಂಟರ ಲೆಕ್ಕದಲ್ಲಿ ಕಷಾಯಗಳು ಏಕೆ ಸೇರಿವೆ ಎಂಬುದು ಈ ಪ್ರಶ್ನೆಯೆದುರು ಸ್ಪಷ್ಟವಾಗುತ್ತದೆ. ಕ್ರಿಯೆಯ ಹೊರರೂಪ ಬದಲಾದರೂ ಒಳಗಿನ ಕಷಾಯ ಒಂದೇ ಆಗಿರಬಹುದು. ಅರಸನನ್ನು ನಿಲ್ಲಿಸಿದ್ದೂ ಲೋಭ, ಕೆಡವಿದ್ದೂ ಲೋಭ. ಪ್ರಾಯಶ್ಚಿತ್ತವಾಗಿದ್ದರೆ ನಾಡು ನಾಡಿನವರಿಗೆ ಉಳಿಯಬೇಕಾಗಿತ್ತು. ಉಳಿಯಲಿಲ್ಲವೆಂಬುದಕ್ಕೆ 1837ರ ಕಲ್ಯಾಣಪ್ಪನ ಕಾಟಕಾಯಿ ಸಾಕ್ಷಿ. ಅರಸರ ಕಾಲದಲ್ಲಿ ಧಾನ್ಯರೂಪದಲ್ಲಿ ಕಂದಾಯ ಕೊಡುತ್ತಿದ್ದ ಅಮರ ಸುಳ್ಯದ ರೈತರು, ಕಂಪನಿ ಆ ಸೀಮೆಯನ್ನು ಕೊಡಗಿನಿಂದ ಕಿತ್ತು ಕನ್ನಡ ಜಿಲ್ಲೆಗೆ ಸೇರಿಸಿ ನಗದು ಕೇಳಿದಾಗ ಎದ್ದರು. ಮಂಗಳೂರನ್ನೇ ಕೆಲವು ದಿನ ಹಿಡಿದಿದ್ದರು. ಆ ಹೋರಾಟಕ್ಕೆ ಸೇರಿ ಗಲ್ಲಿಗೇರಿದವರಲ್ಲಿ ನಂದಾವರದ ಜೈನ ಅರಸುಮನೆತನದ ಲಕ್ಷ್ಮಪ್ಪ ಬಂಗರಸನೂ ಒಬ್ಬ. ಬಂಗರ ಹೆಸರು ತುಳುನಾಡಿನ ಬಸದಿಗಳ ಇತಿಹಾಸ ಬಲ್ಲವರಿಗೆ ಹೊಸದಲ್ಲ.

ಕಂಪನಿ ಹೋಯಿತು, ಪದ್ಧತಿ ಹೋಗಲಿಲ್ಲ. ಇರಾನಿನ ಚುನಾಯಿತ ಪ್ರಧಾನಿ ಮೊಸದ್ದೆಕ್ 1951ರಲ್ಲಿ ತನ್ನ ದೇಶದ ಎಣ್ಣೆಯನ್ನು ರಾಷ್ಟ್ರೀಕರಣ ಮಾಡಿದ. 1953ರ ಆಗಸ್ಟಿನಲ್ಲಿ ಬ್ರಿಟನ್ ಮತ್ತು ಅಮೆರಿಕದ ಗುಪ್ತಚರರ ಒಳಸಂಚಿನಿಂದ ಅವನನ್ನು ಉರುಳಿಸಲಾಯಿತು. ಆ ಮೇಲಿನ ಕಾಲು ಶತಮಾನ ಷಾ ಆಳಿದ. ಅವನ ಗುಪ್ತ ಪೊಲೀಸಿನ ಹೆಸರು ಕೇಳಿದರೆ ಜನ ನಡುಗುತ್ತಿದ್ದರು. ಅರಮನೆಯ ಕ್ರಾಂತಿಗೂ ಶಾಂತ ಸುಧಾರಣೆಗೂ ದಾರಿಯಿಲ್ಲದ ಕಡೆ 1979ರಲ್ಲಿ ಬಂದ ಸ್ಫೋಟ ಎಂತಹುದೆಂದು ಜಗತ್ತು ನೋಡಿತು. ಚಿಲಿಯಲ್ಲಿ 1973ರ ನಂತರದ ಪಿನೋಶೆ, ಇಂಡೋನೇಷ್ಯಾದಲ್ಲಿ 1998ರವರೆಗೆ ಆಳಿದ ಸುಹಾರ್ತೋ, ಕಾಂಗೋವನ್ನು ಮೂವತ್ತೆರಡು ವರ್ಷ ಸುಲಿದ ಮೊಬುಟು: ಇವರ ಕಥೆಗಳ ವಿವರ ಬೇರೆ ಬೇರೆ, ಬೆನ್ನ ಹಿಂದಿನ ಕೈ ಹೆಚ್ಚುಕಡಮೆ ಒಂದೇ. ಎದುರುಪಾಳೆಯದ ಸೋವಿಯತ್ ಒಕ್ಕೂಟವೂ ಪೂರ್ವ ಯೂರೋಪಿನಲ್ಲಿ ಇದನ್ನೇ ಮಾಡಿತು. ಆದರೆ ಅದು ತನ್ನ ಮನೆಯಲ್ಲೂ ಸ್ವಾತಂತ್ರ್ಯದ ಮಾತಾಡುತ್ತಿರಲಿಲ್ಲವಾದ್ದರಿಂದ ಅದರ ದೋಷದಲ್ಲಿ ಮಾಯೆಯ ಅಂಶ ಸ್ವಲ್ಪ ಕಡಮೆ ಎನ್ನಬೇಕು.

ಪಶ್ಚಿಮದ ಸಮರ್ಥನೆಯೂ ಅಂದಿನಂತೆಯೇ ವಿರೋಧಿಹಿಂಸೆಯ ಸಮರ್ಥನೆ: ಕಮ್ಯುನಿಸಮ್ಮಿನ ಭಯವಿತ್ತು, ದೊಡ್ಡ ಕೇಡನ್ನು ತಡೆಯಲು ಸಣ್ಣ ಕೇಡನ್ನು ಸಹಿಸಿದೆವು. ಅನೇಕಾಂತದ ಅಭ್ಯಾಸವಿರುವವರು ಈ ಮಾತನ್ನು ಕೇಳದೆ ತಳ್ಳಿಹಾಕಬಾರದು. ಭಯ ಸುಳ್ಳಾಗಿರಲಿಲ್ಲ. ಆದರೆ ವಿರೋಧಿಹಿಂಸೆಗೆ ಮಿತಿಯುಂಟು. ಮೇಲೆ ಬಿದ್ದವನು ಎದುರಿಗಿರಬೇಕು. ಅವನು ತೊಲಗಿದೊಡನೆ ಕೈ ನಿಲ್ಲಬೇಕು. ಪೆಟ್ಟು ಬೀಳುವುದು ಅವನಿಗೇ ಹೊರತು ಮೂರನೆಯವನಿಗಲ್ಲ. ಟೆಹರಾನಿನ ವಿದ್ಯಾರ್ಥಿಯಾಗಲಿ, ಸಾಂಟಿಯಾಗೋವಿನ ಕಾರ್ಮಿಕನಾಗಲಿ, ಮಡಿಕೇರಿಯ ಅರಮನೆಯಲ್ಲಿ ಸತ್ತ ಬಂಧುವಾಗಲಿ ಯಾರ ಮೇಲೂ ಬಿದ್ದವರಲ್ಲ. ಆಚಾರ್ಯ ಸಮಂತಭದ್ರರು ಶ್ರಾವಕನಿಗೆ ನಿಷೇಧಿಸಿದ ಅನರ್ಥದಂಡಗಳಲ್ಲಿ ಹಿಂಸಾದಾನ ಒಂದು: ಕೊಡಲಿ, ಕತ್ತಿ, ಬೆಂಕಿ, ವಿಷಗಳಂತಹ ಹಿಂಸೋಪಕರಣಗಳನ್ನು ಅನ್ಯರಿಗೆ ಕೊಡುವುದು. ಆ ಪಟ್ಟಿಯಲ್ಲಿ ಸಂಕೋಲೆಯೂ ಇದೆ. ಕೊಟ್ಟವನ ಉದ್ದೇಶವನ್ನು ಅಲ್ಲಿ ವಿಚಾರಿಸಿಲ್ಲ.

1971ರ ಮಾರ್ಚಿನಲ್ಲಿ ಪೂರ್ವ ಪಾಕಿಸ್ತಾನದ ಮೇಲೆ ಯಾಹ್ಯಾಖಾನನ ಸೈನ್ಯ ಎರಗಿದಾಗ ಅದರ ಕೈಯಲ್ಲಿ ಅಮೆರಿಕ ಕೊಟ್ಟ ಆಯುಧಗಳಿದ್ದವು. ಚೀನಾದೊಡನೆ ಗುಟ್ಟಾಗಿ ಮಾತಾಡಲು ಪಾಕಿಸ್ತಾನದ ಮಧ್ಯಸ್ಥಿಕೆ ಬೇಕಾಗಿದ್ದುದರಿಂದ ಅಧ್ಯಕ್ಷ ನಿಕ್ಸನ್ ಮತ್ತು ಸಲಹೆಗಾರ ಕಿಸಿಂಜರ್ ಮೌನ ವಹಿಸಿದರು. ಸುಮಾರು ಒಂದು ಕೋಟಿ ಜನ ಭಾರತಕ್ಕೆ ಓಡಿಬಂದರು. ಪೂರ್ವ ಪಾಕಿಸ್ತಾನದಿಂದ ಬಂದವರ ಪುನರ್ವಸತಿ ಕ್ಯಾಂಪುಗಳು ರಾಯಚೂರು ಜಿಲ್ಲೆಯ ಸಿಂಧನೂರಿನಲ್ಲಿ ಊರುಗಳಾಗಿ ನಿಂತಿವೆ. ಆ ದಿನಗಳಲ್ಲಿ ಢಾಕಾದಲ್ಲಿದ್ದ ಅಮೆರಿಕದ ಕಾನ್ಸಲ್ ಜನರಲ್ ಆರ್ಚರ್ ಬ್ಲಡ್ ಏಪ್ರಿಲ್ 6ರಂದು ತನ್ನ ಸರ್ಕಾರಕ್ಕೊಂದು ತಂತಿ ಕಳುಹಿಸಿದ. ಸರ್ಕಾರದ ನೀತಿ ನೈತಿಕವಾಗಿ ದಿವಾಳಿಯಾಗಿದೆಯೆಂಬ ಭಾವದ ಆ ಪತ್ರಕ್ಕೆ ಅಲ್ಲಿದ್ದ ಇಪ್ಪತ್ತು ಮಂದಿ ಅಮೆರಿಕನ್ ಅಧಿಕಾರಿಗಳ ಸಹಿಯಿತ್ತು. ಫಲವಾಗಿ ಬ್ಲಡ್‌ನನ್ನು ಢಾಕಾದಿಂದ ಹಿಂದಕ್ಕೆ ಕರೆಸಿಕೊಂಡರು, ನೀತಿ ಬದಲಾಗಲಿಲ್ಲ. ಮನ್ರೋ ತಪ್ಪನ್ನು ತಿಳಿದೂ ಸೇವೆಯಲ್ಲಿ ಮೇಲೇರಿದ. ಬ್ಲಡ್ ತಪ್ಪನ್ನು ತಿಳಿಸಿ ಹುದ್ದೆ ಕಳೆದುಕೊಂಡ. ಇಬ್ಬರೂ ಸತ್ಯವನ್ನೇ ಬರೆದವರು. ಅನುಮೋದನದ ಮಣಿಯನ್ನು ಬಿಟ್ಟು ಮುಂದೆ ಹೋದವನು ಮಾತ್ರ ಒಬ್ಬನೇ.

ಇಲ್ಲಿಯವರೆಗಿನ ದೋಷವೆಲ್ಲ ಪರರದಾಗಿರುವುದರಿಂದ ಓದಲು ಹಿತವಾಗಿದ್ದೀತು. ಅನುಮೋದನ ಪಶ್ಚಿಮದವರ ಸ್ವತ್ತಲ್ಲ. ಬರ್ಮಾದ ಆಂಗ್ ಸಾನ್ ಸೂಚಿಗೆ ಭಾರತ 1993ರ ಸಾಲಿನ ನೆಹರೂ ಪ್ರಶಸ್ತಿಯನ್ನು ಕೊಟ್ಟಿತು. ಅದೇ ದಶಕದಲ್ಲಿ ಆಕೆಯನ್ನು ಬಂಧನದಲ್ಲಿಟ್ಟಿದ್ದ ಸೇನಾಡಳಿತದೊಡನೆ ಸ್ನೇಹವನ್ನೂ ಬೆಳೆಸಿತು. ಈಶಾನ್ಯದ ಬಂಡುಕೋರರನ್ನು ತಡೆಯಬೇಕು, ಚೀನಾದ ಪ್ರಭಾವವನ್ನು ಎದುರಿಸಬೇಕು ಎಂಬ ಕಾರಣಗಳಿದ್ದವು, ಅವು ಪೊಳ್ಳಲ್ಲ. ಸೇನಾಧಿಪತಿ ಥಾನ್ ಶ್ವೆ 2004ರಲ್ಲಿ, ಮತ್ತೆ 2010ರಲ್ಲಿ ದೆಹಲಿಗೆ ಬಂದು ರಾಜಮರ್ಯಾದೆ ಪಡೆದ. 2021ರ ಫೆಬ್ರವರಿ 1ರಂದು ಅಲ್ಲಿನ ಸೈನ್ಯ ಚುನಾಯಿತರನ್ನು ಮತ್ತೆ ಸೆರೆಗೆ ತಳ್ಳಿತು. ಆ ವರ್ಷ ಅಮೆರಿಕ ಮತ್ತು ಯೂರೋಪು, ತಡವಾಗಿಯಾದರೂ, ಬರ್ಮಾದ ಸರ್ಕಾರಿ ಮರದ ಸಂಸ್ಥೆಯ ಮೇಲೆ ನಿರ್ಬಂಧ ಹೇರಿದವು. ತೇಗದ ಹಣ ಸೇನಾಡಳಿತದ ಬೊಕ್ಕಸಕ್ಕೆ ಹೋಗುತ್ತದೆಂಬುದು ಕಾರಣ. ಭಾರತ ಅಂತಹ ನಿರ್ಬಂಧ ಹೇರಲಿಲ್ಲ. ಮರ ಬರುತ್ತಲೇ ಇತ್ತು.

ತೇಗದ ಹೆಸರು ಬಂದಮೇಲೆ ಮೈಸೂರು ರಸ್ತೆಗೆ ಹಿಂದಿರುಗದೆ ವಿಧಿಯಿಲ್ಲ. ಆ ರಸ್ತೆಯ ಟಿಂಬರ್ ಯಾರ್ಡ್ ಬಡಾವಣೆಯಲ್ಲಿ, ಪಶ್ಚಿಮ ಬೆಂಗಳೂರಿನ ಎಷ್ಟೋ ಮರದ ಅಂಗಡಿಗಳಲ್ಲಿ, ಬರ್ಮಾ ತೇಗವೆಂಬುದು ಉತ್ತಮಿಕೆಯ ಇನ್ನೊಂದು ಹೆಸರು. ರಾಜಾಜಿನಗರದ, ಬಸವೇಶ್ವರನಗರದ ಮನೆಗಳ ತಲೆಬಾಗಿಲು ಅದರಿಂದಾದರೆ ಯಜಮಾನರಿಗೆ ಹೆಮ್ಮೆ. ಬಸದಿಯ ಜೀರ್ಣೋದ್ಧಾರಕ್ಕೆ, ಗರ್ಭಗೃಹದ ಬಾಗಿಲಿಗೆ, ಸ್ವಾಧ್ಯಾಯ ಮಂದಿರದ ವ್ಯಾಸಪೀಠಕ್ಕೆ ದಾನಿಗಳು ಮೊದಲು ಕೇಳುವುದೂ ಅದನ್ನೇ. ಅಚೌರ್ಯವ್ರತದ ಅತಿಚಾರಗಳನ್ನು ಎಣಿಸುವಾಗ ಉಮಾಸ್ವಾಮಿಗಳು ಕಳ್ಳನನ್ನು ಪ್ರೇರೇಪಿಸುವುದನ್ನೂ, ಕಳ್ಳ ತಂದದ್ದನ್ನು ಕೊಳ್ಳುವುದನ್ನೂ ಒಂದರ ಪಕ್ಕದಲ್ಲೊಂದು ಇರಿಸಿದ್ದಾರೆ. ಸೇನಾಡಳಿತ ತನ್ನ ಜನರ ಕಾಡನ್ನು ಕಡಿದು ಮಾರಿದ ತೇಗ ಕದ್ದ ಮಾಲೋ ಅಲ್ಲವೋ ಎಂಬುದರ ಬಗ್ಗೆ ವಕೀಲರು ವಾದಿಸಬಹುದು; ಆ ಸರ್ಕಾರಕ್ಕೆ ಮಾನ್ಯತೆಯಿದೆ, ಮಾರಾಟಕ್ಕೆ ರಸೀದಿಯಿದೆ ಎನ್ನಬಹುದು. ಕೊಡಗಿನ ಅರಸನ ಆನೆಗೂ ಕಂಪನಿಯ ದಫ್ತರದಲ್ಲಿ ರಸೀದಿಯಿದ್ದಿರಬೇಕು.

ಬರ್ಮಾ ತೇಗವೆಂದು ಮಾರುವುದೆಲ್ಲ ಬರ್ಮಾದ್ದೇ ಅಲ್ಲ. ಆಫ್ರಿಕಾದ, ದಕ್ಷಿಣ ಅಮೆರಿಕದ ತೋಟದ ತೇಗಕ್ಕೂ ಆ ಹೆಸರು ಅಂಟುವುದುಂಟು. 2014ರಲ್ಲಿ ಬರ್ಮಾ ದಿಮ್ಮಿಗಳ ರಫ್ತನ್ನು ನಿಲ್ಲಿಸಿದ ಮೇಲೆ ಅಲ್ಲಿಂದ ಹೊರಡುವುದು ಕೊಯ್ದ ಹಲಗೆ ಮಾತ್ರ. ಆದ್ದರಿಂದ ಕೊಳ್ಳುವವರು ಯಾವ ಊರಿನ ಮರ, ಯಾವ ವರ್ಷ ಬಂದದ್ದು, ದಿಮ್ಮಿಯಾಗಿ ಬಂತೋ ಹಲಗೆಯಾಗಿ ಬಂತೋ, ಸಾಗಣೆಯ ಕಾಗದ ಎಲ್ಲಿದೆ ಎಂದು ಅಂಗಡಿಯವರನ್ನು ಕೇಳಬಹುದು. ಗರ್ಭಗೃಹದ ಬಾಗಿಲಿಗೆ ಮರ ಗೊತ್ತುಮಾಡುವ ಟ್ರಸ್ಟಿನ ಸಭೆಯಲ್ಲಿ ಈಗ ಕೇಳಲಾಗುವುದು ಘನ ಅಡಿಯ ಬೆಲೆಯನ್ನು, ಬಿರುಕು ಬಿಡುವುದೋ ಇಲ್ಲವೋ ಎಂಬುದನ್ನು. ಈ ಪ್ರಶ್ನೆಗಳನ್ನೂ ಅದೇ ಸಭೆಯಲ್ಲಿ, ಮುಂಗಡ ಕೊಡುವ ಮೊದಲು, ಕೇಳಬಹುದು. ಉತ್ತರ ಸಿಗದಿದ್ದರೆ ಕರ್ನಾಟಕದ ಹಲಸು, ಹೊನ್ನೆ, ದಾಂಡೇಲಿಯ ತೇಗ ಇದ್ದೇ ಇವೆ.